ಕೆಂಪಾದ ಸುಣ್ಣ

"ಆರಸು ಅದನ್ನ! ಆರಸೋ!"

ಆಮ್ರಪಾಲಿಯ ಕೂಗು ಗ್ಯಾಸ್ ಕಟರಿನ ಸದ್ದಿನಲ್ಲಿ ಮುಳುಗಿಹೋಯಿತು. ಹುಕ್ಕೇರಿಯ ಗುಜರಿ ಅಂಗಳದಲ್ಲಿ ಸದಾಶಿವ ಕಪ್ಪು ಕನ್ನಡಕ ಏರಿಸಿಕೊಂಡು ಲಾರಿಯ ಬಾಗಿಲಿಗೆ ನೀಲಿ ಉರಿ ಹಿಡಿದಿದ್ದ. ಬಾಗಿಲು ಅರ್ಧ ತುಂಡಾಗಿ ಜೋತಾಡುತ್ತಿತ್ತು.

ಅವಳು ಸ್ಕೂಟರನ್ನು ಸ್ಟ್ಯಾಂಡಿಗೂ ಹಾಕದೆ ಓಡಿದಳು. ಹಿಂದೆ ಅದು ದಡಲ್ ಎಂದು ಬಿತ್ತು. ತಿರುಗಿ ನೋಡದೆ ಹೋಗಿ ಸಿಲಿಂಡರಿನ ಕೀಲಿ ತಿರುಗಿಸಿದಳು.

ಉರಿ ಪಟ್ಟನೆ ಆರಿತು.

ಸದಾಶಿವ ಕನ್ನಡಕವನ್ನು ಹಣೆಗೇರಿಸಿದ. "ಏನ್ರಿ ಬಾಯಾರ, ಸಾಯಬೇಕಂತ ಮಾಡೀರೇನು? ಹಿಂಗ ಒಮ್ಮಿಗೇ ಬಂದ್ ಮಾಡಿದ್ರ ಉರಿ ಪೈಪಿನ್ಯಾಗ ಹಿಂದಕ ಹೊಕ್ಕತೈತಿ!"

"ಮೂರು ಸಲ ಫೋನ್ ಹಚ್ಚೇನಿ. ಎತ್ತಾಕ ಏನ ಧಾಡಿ ನಿನಗ?"

"ಗ್ಯಾಸ್ ಹಚ್ಚಿದಾಗ ಫೋನ್ ಆ ಪೆಟ್ಟಿಗ್ಯಾಗ ಇಡತೇನ್ರಿ." ಮೂಲೆಯ ತಗಡಿನ ಪೆಟ್ಟಿಗೆಯ ಕಡೆ ಗದ್ದ ಎತ್ತಿದ. "ಕಿಡಿ ಹಾರತಾವು. ಹ್ವಾದ ವರ್ಷ ಒಂದು ಸುಟ್ಟ ಹೋತು, ಹೆಂಡ್ತಿ ಇನ್ನೂ ಬೈತಾಳ. ಅಲ್ರಿ, ನನಗ್ಯಾಕ ಒದರತೀರಿ? ಮನಿಯವರ ಸಹಿ ಐತಿ. ಕಾಗದ ತೋರಸಲ್ಯಾ?"

"ಸಹಿ ಮಾಡಿದಾಕಿ ನಾನ." ದನಿ ಹಿಂದಿನಿಂದ ಬಂತು.

ಹಿಂದಿನ ಸೀಟಿನಲ್ಲಿ ಬಂದಿದ್ದ ಕಾಡವ್ವ, ಬಿದ್ದಿದ್ದ ಸ್ಕೂಟರನ್ನು ಒಬ್ಬಳೇ ಎತ್ತಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಲಾರಿಯ ಮುಖ ಕಂಡದ್ದೇ ಅಲ್ಲೇ ನಿಂತುಬಿಟ್ಟಳು.

ಹದಿನೇಳು ದಿನದ ಹಿಂದೆ, ಜನವರಿಯ ಒಂದು ಮುಂಜಾನೆ, ಕಬ್ಬು ಹೇರಿದ ಈ ಹತ್ತು ಗಾಲಿಯ ಲಾರಿ ಕಾಲುವೆಗೆ ಬಿದ್ದು ಕಾಡವ್ವನ ಗಂಡ ರಾಯಪ್ಪ ಸತ್ತಿದ್ದ. ಗಾಡಿ ಹಾವಿನಂತೆ ಹೊಯ್ದಾಡುತ್ತ ಬಂತು ಎಂದು ನೋಡಿದವರು ಹೇಳಿದರು. ಮುಖ ಕೆಂಪಗಿತ್ತು ಎಂದು ಎತ್ತಿದವರು ಹೇಳಿದರು. ಪೊಲೀಸರ ಕಾಗದದಲ್ಲಿ ಒಂದೇ ಶಬ್ದ ಬಿತ್ತು: ಕುಡಿದಿದ್ದ. ಆ ಶಬ್ದ ನಾಳೆ ವಿಮಾ ಕಂಪನಿಯ ಕೊನೆಯ ವರದಿಗೂ ಇಳಿಯಬೇಕಿತ್ತು. ವರದಿ ಬರೆಯಬೇಕಾದ ಸರ್ವೇಯರ್ ಆಮ್ರಪಾಲಿ. ಡಿಪ್ಲೊಮಾ ಓದಿದವಳು, ಮೂಡಲಗಿಯವಳು, ಹತ್ತೊಂಬತ್ತು ವರ್ಷದಿಂದ ಮುರಿದ ಗಾಡಿಗಳ ಕೆಳಗೆ ನುಸುಳಿ ನುಸುಳಿ ಮೊಣಕಾಲು ಸವೆಸಿಕೊಂಡವಳು.

"ಹನ್ನೊಂದು ವರ್ಷ ಆತ್ರಿ ಅವ್ರು ಬಾಟ್ಲಿ ಬಿಟ್ಟು," ಕಾಡವ್ವ ಲಾರಿಗೇ ಹೇಳುವವಳಂತೆ ಹೇಳಿದಳು. "ಪಂಢರಪುರಕ್ಕ ನಡಕೋತ ಹೋಗಿ ತುಳಸಿ ಮಾಲಿ ಹಾಕ್ಕೊಂಡ ಬಂದ್ರು. ಆದ್ರೂ ಒಬ್ಬಾಂವರ ಅಲ್ಲ ಅಂದನೇನು? ಕುಡಕ ಕುಡಕನ, ಅಂದ್ರು. ನನಗ ಮತ್ತೇನೂ ಬ್ಯಾಡ್ರಿ ಬಾಯಾರ. ಆ ಒಂದು ಶಬ್ದ ಅಳಸ್ರಿ."

"ಅಳಸಾಕಂತನ ಗಾಡಿ ನೋಡಬೇಕು ಅಂದಿದ್ದೆ. ನೀ ಗುಜರಿಗಿ ಹಾಕಿ ಕುಂತಿ!" ಆಮ್ರಪಾಲಿಯ ಸಿಟ್ಟು ತಡೆಯಲಾರದೆ ಬಂತು. "ಇವತ್ತ ಮುಂಜಾನಿ ಬಾಯಿ ತಪ್ಪಿ ಹೇಳಿದಿ ಅಂತ ಗೊತ್ತಾತು. ಇಲ್ಲಂದ್ರ ಸಂಜಿಕ ಇದು ಮೊಳಿ ಆಗಿರತಿತ್ತು."

"ತಮ್ಮ ಹೇಳಿದ್ರಿ. ಸಾವು ಕಂಡ ಗಾಡಿ ಬಾಗಲದಾಗ ನಿಲ್ಲಬಾರದಂತ. ತಾನ ಗಿರಾಕಿ ನೋಡಿ ತಾನ ಕಾಗದ ಬರಸಿದ." ತಮ್ಮ ಎಂದರೆ ಶಿವಾನಂದ, ಮೂಡಲಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಹದಿನೇಳು ದಿನದಿಂದ ಅಕ್ಕನ ಮನೆಗೆ ಹಾಲು ತರಕಾರಿ ತಂದು ಹಾಕುತ್ತಿದ್ದವನು. ಮುಂಜಾನೆಯಿಂದ ಎರಡು ಸಲ ಫೋನ್ ಮಾಡಿ ಊಟ ಆಯಿತೇ ಎಂದು ಕೇಳಿದ್ದ.

ಆಮ್ರಪಾಲಿ ಸದಾಶಿವನಿಗೆ ಹೇಳಿ ಕ್ಯಾಬಿನ್ ಮುಂದಕ್ಕೆ ಬಗ್ಗಿಸಿದಳು. ಇಂಜಿನ್ ಬಯಲಾಯಿತು.

ಕಾಲುವೆಯ ಕೆಸರು ಒಣಗಿ ಹಪ್ಪಳದಂತೆ ಎದ್ದಿತ್ತು. ನೀರು ಕುಡಿದ ಇಂಜಿನ್ ಇನ್ನು ಚಾಲೂ ಆಗುವುದಿಲ್ಲ. ಆದರೆ ಅವಳ ಕಣ್ಣು ಹುಡುಕಿದ್ದು ಅದರ ಬಾಜೂಕಿನ ಬೀಡುಕಬ್ಬಿಣದ ತುಂಡನ್ನು. ಆರು ಸಿಲಿಂಡರು, ಆರು ಕಂಡಿ; ಆರೂ ಕಂಡಿಯ ಸುಟ್ಟ ಹೊಗೆಯನ್ನು ಒಂದುಗೂಡಿಸಿ ಸೈಲೆನ್ಸರಿನ ಕಡೆ ಕಳಿಸುವ ಮ್ಯಾನಿಫೋಲ್ಡು. ಪ್ರತಿ ಕಂಡಿಯಲ್ಲೂ ಮ್ಯಾನಿಫೋಲ್ಡಿಗೂ ಇಂಜಿನ್ನಿನ ಹೆಡ್ಡಿಗೂ ನಡುವೆ ಸಂದು ಮುಚ್ಚುವ ಉಕ್ಕಿನ ಒಂದು ಗ್ಯಾಸ್ಕೆಟ್, ಹಿಡಿದಿಡಲು ಎರಡು ನಟ್ಟು. ಅಲ್ಲಿ ಸಂದು ಬಿಟ್ಟರೆ ಹೊಗೆ ಹಿಂದಕ್ಕೆ ಹೋಗುವುದಿಲ್ಲ, ಮೇಲಕ್ಕೆ ಏರುತ್ತದೆ. ಮೇಲೆ ಇರುವುದು ಡ್ರೈವರನ ಕಾಲು.

"ಡೀಸಲ್ ಹೊಗಿಗಿ ಯಾರರ ಸಾಯ್ತಾರೇನ್ರಿ?" ಸದಾಶಿವ ನಕ್ಕ. "ಹಂಗಾದ್ರ ನಾವೆಲ್ಲಾ ಎಂದೋ ಹೋಗಿರಬೇಕು."

"ಸುಮ್ಮಸುಮ್ನ ಸಾಯೂದಿಲ್ಲ. ಕಬ್ಬಿನ ಲೋಡ್ ಎಳೀಲಿ ಅಂತ ಪಂಪ್ ತಿರುವಿ ಡೀಸಲ್ ಹೆಚ್ಚ ಕುಡಸ್ತೀರಿ, ಅದು ಪೂರಾ ಸುಡೂದಿಲ್ಲ, ವಿಷ ಆಗತೈತಿ. ಥಂಡಿ ಅಂತ ರಾಯಪ್ಪ ಗಾಜು ಏರಿಸಿದ್ರು. ಇಲ್ಲಿ ನೋಡು, ಗೇರಿನ ಬುಡದ ರಬ್ಬರ್ ಹರದೈತಿ. ತೂತಿನ ಮ್ಯಾಲ ಮೂಗು ಇಟ್ಟಂಗ." ಅವಳು ಕಾಡವ್ವನ ಕಡೆ ತಿರುಗಿದಳು. "ಆ ವಿಷ ಏರಿದ್ರ ಮಾರಿ, ಉಗುರು ಎಲ್ಲಾ ಕೆಂಪಗ ಆಗತಾವು. ಮೈ ತೊಳಿಯೂ ಮುಂದ ಉಗುರು ಹೆಂಗಿದ್ದೂ ಅಂದಿ?"

"ಗುಲಾಬಿ ಹೂವಿನಂಗ. ನೀರಾಗ ಸತ್ತಾವ್ರು ಕಪ್ಪ ಆಗತಾರಂತ, ಇವ್ರು ಮದುಮಗನಂಗ ಇದ್ರು." ಅವಳ ದನಿ ಒಡೆಯಲಿಲ್ಲ. ಒಡೆಯುವುದು ಮುಗಿದಿತ್ತು.

ಬಾಜೂಕಿನ ಪಂಚರ್ ಅಂಗಡಿಯಿಂದ ಹವಾ ಪೈಪು ಎಳೆಸಿದಳು. ಸೈಲೆನ್ಸರಿನ ಬಾಯಿಗೆ ಪೈಪು ತುರುಕಿ, ಸುತ್ತ ಹಸಿ ಗೋಣಿಚೀಲ ಗಿಡಿದು, ಮೆಲ್ಲಗೆ ಹವಾ ಬಿಡಿಸಿದಳು. ಪಂಚರಿನವನ ಬಕೆಟ್ಟಿನಲ್ಲೇ ಸಬಕಾರ ಕಲಸಿ, ಅರಿವೆ ಅದ್ದಿ, ಒಂದೊಂದೇ ಸಂದಿಗೆ ಹಿಂಡಿದಳು.

ಒಂದನೆಯದು ಸುಮ್ಮನಿತ್ತು. ಎರಡು, ಮೂರು ಸುಮ್ಮನಿದ್ದವು. ನಾಲ್ಕು. ಐದು.

ಆರನೆಯದು, ಕ್ಯಾಬಿನ್ ಗೋಡೆಗೆ ತೀರ ಹತ್ತಿರದ್ದು, ಕುದಿಯುವ ಹಾಲಿನಂತೆ ಭುಸ್ಸನೆ ಉಕ್ಕಿತು.

"ಯಪ್ಪಾ!" ಸದಾಶಿವ ಹಿಂದಕ್ಕೆ ಸರಿದ.

ಆಮ್ರಪಾಲಿ ಬ್ಯಾಟರಿ ಬೆಳಕು ಬಿಟ್ಟು ಸಂದಿಯೊಳಗೆ ಇಣುಕಿದಳು. ಐದು ಕಡೆ ಉಕ್ಕಿನ ಗ್ಯಾಸ್ಕೆಟ್ಟಿನ ಅಂಚು ಮಿಂಚುತ್ತಿತ್ತು. ಆರನೆಯದರಲ್ಲಿ ಮಿಂಚಿಲ್ಲ. ಕಪ್ಪು ಗೀರು ಮಾತ್ರ. ಗ್ಯಾಸ್ಕೆಟ್ ಹರಿದಿರಲಿಲ್ಲ, ಸುಟ್ಟಿರಲಿಲ್ಲ. ಅಲ್ಲಿ ಗ್ಯಾಸ್ಕೆಟ್ಟೇ ಇರಲಿಲ್ಲ.

ನಟ್ಟುಗಳು ಮಾತ್ರ ಹನ್ನೆರಡೂ ಇದ್ದವು. ಒಂದೊಂದರ ಮೇಲೂ ಬಿಳಿ ಬೊಟ್ಟು. ಬೊಟ್ಟಿನಿಂದ ಪಕ್ಕದ ಹೆಡ್ಡಿನ ಮೇಲಕ್ಕೆ ಎಳೆದ ಬಿಳಿ ಗೆರೆ. ಆರನೆಯ ಕಂಡಿಯ ಎರಡು ಗೆರೆಗಳ ತುದಿ ಮಾತ್ರ ಕೆಂಪಗಿತ್ತು. ತುಕ್ಕು, ಅಂದುಕೊಂಡಳು. ಫೋಟೊ ಹೊಡೆದುಕೊಂಡು ಮುಂದಕ್ಕೆ ಸರಿದಳು. ಆ ದಿನ ಅವಳು ಮಾಡಿದ ಮೊದಲ ತಪ್ಪು ಅದು.

ಕಾಡವ್ವ ನೊರೆಯನ್ನೇ ನೋಡುತ್ತಿದ್ದಳು. "ಇದನ್ನ ಅವ್ರು ಫೋನ್‌ದಾಗ ಹೇಳಿದ್ರು ಹಂಗಾರ."

"ಏನ ಹೇಳಿದ್ರು?"

"ಪೊಲೀಸರಿಗಿ ಹೇಳೇನೆಲ್ಲ. ನಿಮ್ಮ ಕಡೆ ಆ ಕಾಗದ ಐತೆಲ್ಲ. ಹೊಗಿ ಬರತೈತಿ, ಅಂದ್ರು."

ಆಮ್ರಪಾಲಿ ಅರಿವೆಯನ್ನು ಬಕೆಟ್ಟಿಗೆ ಬಿಟ್ಟಳು. "ಇನ್ನೊಮ್ಮೆ ಹೇಳು."

"ಹೊಗಿ ಬರತೈತಿ."

ಚೀಲದಿಂದ ಕಾಗದ ತೆಗೆದಳು. ಕಾಡವ್ವನ ಹೇಳಿಕೆಯ ನಕಲು. ಎರಡು ವಾರದಲ್ಲಿ ಒಂಬತ್ತು ಸಲ ಓದಿದ್ದು, ಪೆನ್ಸಿಲಿನಲ್ಲಿ ಗೆರೆ ಎಳೆದದ್ದು. ಹಸಿ ಕೈಯಲ್ಲೇ ಹಿಡಿದು ಗಟ್ಟಿಯಾಗಿ ಓದಿದಳು: "'ನನ್ನ ಪತಿಯು ದೂರವಾಣಿ ಮಾಡಿ, ಹೋಗಿ ಬರುತ್ತೇನೆ ಎಂದು ತಿಳಿಸಿದರು. ವಾಹನದ ದೋಷದ ಬಗ್ಗೆ ಏನನ್ನೂ ಹೇಳಿರುವುದಿಲ್ಲ.'"

ಕಾಡವ್ವನ ಮುಖಕ್ಕೆ ರಕ್ತ ಏರಿತು.

"ಹೋಗಿ ಅಲ್ರಿ! ಹೊಗಿ! ಒಲಿ ಹೊಗಿ, ಬೀಡಿ ಹೊಗಿ! ಹೋಗಿ ಬರತೇನಿ ಅನ್ನಾಕ ಅವ್ರು ಮನ್ಯಾಗಿಂದ ಹೊಂಟಿದ್ರೇನು? ಹೋಗಿ ಅರ್ಧಾ ತಾಸು ಆಗಿತ್ತು!"

"ಓದಿ ಹೇಳಲಿಲ್ಲೇನು ನಿನಗ?"

"ಹೇಳಿದ್ರು. ಹೋಗಿ ಬರ್ತೀನಿ ಅಂದ್ರಾ ಅಮ್ಮ, ಅಂತ ಕೇಳಿದ್ರು. ಹೂಂ ಅಂದೆ. ನನಗ ಹೊಗಿ ಅಂತನ ಕೇಳಿಸ್ತು. ಅಳಾಕತ್ತಿದ್ದೆ ನಾ, ಅಕ್ಷರ ಎಣಸ್ತಿದ್ದೆನೇನು?"

ಬರೆದುಕೊಂಡ ಪೊಲೀಸಿನವನು ದಕ್ಷಿಣದ ಕೆಳಗಿನ ಸೀಮೆಯವನು. ಅವನ ಊರಲ್ಲಿ ಹೊಗೆ ಹೊಗೆಯೇ, ಹೊಗಿ ಆಗುವುದಿಲ್ಲ. ಅಳುವ ಬಾಯಿಯ 'ಹೊಗಿ' ಅವನ ಪೆನ್ನಿನಲ್ಲಿ 'ಹೋಗಿ' ಆಗಿ, 'ಬರತೈತಿ' ಶುದ್ಧಗೊಂಡು 'ಬರುತ್ತೇನೆ' ಆಗಿ, ಗಾಡಿಯ ದೋಷ ಗಂಡನ ವಿದಾಯವಾಗಿತ್ತು. ಅವನು ಬೇರೆ ಊರಿನವನು, ಬಿಡು. ಮೂಡಲಗಿಯಲ್ಲಿ ಹುಟ್ಟಿದ ತನಗೆ ಏನಾಗಿತ್ತು? ಒಂಬತ್ತು ಸಲ ಓದಿದಳು, ಒಂದು ಸಲವೂ ಈ ಹೆಂಗಸನ್ನು ಕೂರಿಸಿಕೊಂಡು ಅವಳ ಬಾಯಿಂದ ಕೇಳಲಿಲ್ಲ. ಆಮ್ರಪಾಲಿ ಕಾಗದವನ್ನು ಎಷ್ಟು ಬಿಗಿಯಾಗಿ ಮಡಚಿದಳೆಂದರೆ ಅದು ಮಡಿಕೆಯಲ್ಲಿ ಹರಿಯಿತು.

"ಮತ್ತೇನಂದ್ರು ಫೋನ್‌ದಾಗ?"

"ಮತ್ತೇನಿಲ್ರಿ." ಕಾಡವ್ವ ಮುಖ ಆ ಕಡೆ ತಿರುಗಿಸಿದಳು. "ಅಷ್ಟ."

"ಈ ಮ್ಯಾನಿಫೋಲ್ಡ್ ಯಾರು ಬಿಚ್ಚಿದ್ರು?"

"ಗೋಕಾಕದ ಸಾತಪ್ಪ ಮಿಸ್ತ್ರಿ. ಸಾಯೂ ಎಂಟು ದಿನ ಮೊದಲ." ಹೆಸರು ಬಾಯಿಗೆ ಬಂದದ್ದೇ ಅವಳಿಗೆ ಹದಿನೇಳು ದಿನದ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿತು. "ಆರ ಗ್ಯಾಸ್ಕೆಟ್ ಹಾಕಾಕ ಕೊಟ್ಟರ ಐದ ಹಾಕ್ಯಾನ ಭಾಡ್ಯಾ! ನಡ್ರಿ. ಈಗಿಂದೀಗ ನಡ್ರಿ!"

ಆಮ್ರಪಾಲಿ ಠಾಣೆಗೆ ಫೋನ್ ಹಚ್ಚಿದಳು. ಪಂಚನಾಮೆಗೆ ಸಾಹೇಬರು ನಾಲ್ಕರ ಮೇಲೆ ಬರುತ್ತಾರೆ, ಎಂದರು. ಹನ್ನೊಂದಾಗಿತ್ತು. ಪಂಚರ ಎದುರು ಸೀಲು ಆಗುವ ತನಕ ಅವಳ ಫೋಟೊಗಳಿಗೆ ಕ್ಯಾಲೆಂಡರಿನ ಚಿತ್ರದಷ್ಟೂ ಬೆಲೆ ಇಲ್ಲ.

"ಸದಾಶಿವಾ, ಕೇಳು. ಸಾಹೇಬ್ರು ಬರೂತನಕ ಇದಕ್ಕ ಉರಿ ಹಚ್ಚಬ್ಯಾಡ. ಮನಿಯವರನ್ನ ಬಿಟ್ಟು ಒಂದು ನರಪಿಳ್ಳಿನೂ ಇದರ ಹಂತ್ಯಾಕ ಬಿಡಬ್ಯಾಡ."

"ಆತ್ರಿ. ಮನಿಯವರನ್ನ ಬಿಟ್ಟು ಯಾರೂ ಇಲ್ಲ." ಸದಾಶಿವ ಕನ್ನಡಕ ಇಳಿಸಿದ. "ಅಲ್ಲೀತನ ಆ ಟ್ರ್ಯಾಕ್ಟರ್ ಕತ್ತರಸ್ತೇನಿ."

ಅಂಗಳ ದಾಟುವಷ್ಟರಲ್ಲಿ ಹಿಂದೆ ಮತ್ತೆ ಭರ್ ಎಂದು ಉರಿ ಎದ್ದಿತು.

*

ಗೋಕಾಕದಲ್ಲಿ, ಫಾಲ್ಸ್ ಕಡೆ ಹೋಗುವ ರಸ್ತೆಯ ಬಾಜೂಕ, ಸಾತಪ್ಪ ಮಿಸ್ತ್ರಿ ಒಂದು ಲಾರಿಯ ಇಂಜಿನ್ನಿನ ಮೇಲೆ ಬಗ್ಗಿದ್ದ. ಗಜ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಇಂಜಿನ್ನಿನ ಸಂದಿಯಲ್ಲಿ. ಕಣ್ಣು ಮುಚ್ಚಿ ಕೇಳುತ್ತಿದ್ದ, ಡಾಕ್ಟರನಂತೆ.

ಕಾಡವ್ವ ಹೋದವಳೇ ಪೈಪು ಕಿತ್ತು ಎಸೆದಳು. ಕಾಲಿನ ಚಪ್ಪಲಿ ಕೈಗೆ ಬಂದಿತ್ತು.

"ನನ್ನ ಗಂಡನ್ನ ತಿಂದೀ ಮುದುಕಾ! ಒಂದು ಗ್ಯಾಸ್ಕೆಟ್ ಉಳಸಿ ಏನ ಗಳಸಿದಿ? ನಿನ್ನ ಗ್ವಾರಿ ಮ್ಯಾಲ ಹೊದ್ದಕೋತಿ ಏನ ಅದನ್ನ?"

ಅರವತ್ತು ದಾಟಿದ ಮನುಷ್ಯ. ಇಂಜಿನ್ ಬಂದ್ ಮಾಡಿದ. ಸೊಂಟದ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತ ಅವಳನ್ನು ನೋಡಿದ.

"ತಂಗಿ, ಮೆಟ್ಟು ಕೆಳಗ ಇಡು. ಹೊಡಿಯೂದಿದ್ರ ಕೇಳಿ ಹೊಡಿ."

"ಏನ ಕೇಳೂದು?"

"ಸಾತಪ್ಪಣ್ಣ," ಆಮ್ರಪಾಲಿ ನಡುವೆ ಬಂದಳು, "ಆರನೇ ಕಂಡಿಗೆ ಗ್ಯಾಸ್ಕೆಟ್ ಇಲ್ಲ. ನಾ ಕಣ್ಣಾರೆ ನೋಡೇನಿ. ನೀವು ಮಾಡಿದ ಕೆಲಸ."

"ಇಲ್ಲ?" ಎಲೆ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಮರುಕ್ಷಣ ಅವನ ಸಿಟ್ಟು ಸ್ಫೋಟವಾಯಿತು. "ಸರ್ವೇ ಬಾಯಾರ, ನಲವತ್ತು ವರ್ಷ ಆತು ನಾ ಹೊಗಿ ಹಿಡಿಯಾಕತ್ತು! ರಾಯಪ್ಪ ಗಾಡಿ ತಂದಾಗ ತಣ್ಣಗಿದ್ರ ಟಿಕ್ ಟಿಕ್, ಕಾದ ಮ್ಯಾಲ ಸುಮ್ನ. ಬ್ಯಾರೆದಾವ್ರು ಇಂಜಿನ್ ಬಿಚ್ಚಬೇಕು ಅಂದ್ರು. ನಾ ಅನ್ನಲಿಲ್ಲ. ಬೀಡು ಕಾದ್ರ ಉಬ್ಬಿ ಸಂದು ಮುಚ್ಚತೈತಿ, ಮ್ಯಾನಿಫೋಲ್ಡ್ ಸೊಟ್ಟ ಆಗೈತಿ ಅಂದೆ. ಲೇಥಿಗಿ ಒಯ್ದು ಅದರ ಮಾರಿ ಸಪಾಟ ಮಾಡಸಿದೆ. ಹನ್ನೆರಡು ಸ್ಟಡ್ ಹೊಸಾವು. ಆರು ಗ್ಯಾಸ್ಕೆಟ್ ಹೊಸಾವು. ನಡುವಿಂದ ಹೊರಗ, ಮೂರು ಸುತ್ತಿನ್ಯಾಗ ಬಿಗದೆ. ಎರಡು ದಿನ ಓಡಿಸಿ ಮತ್ತ ತಾ ಅಂದೆ, ತಂದ. ತಣ್ಣಗ ಆದಮ್ಯಾಲ ಮತ್ತೊಮ್ಮೆ ಬಿಗದೆ. ಮೂಗು ಹಿಡದು ಕ್ಯಾಬಿನ್ಯಾಗ ಕುಂತೆ, ಹೊಗಿ ನಾತ ಇರಲಿಲ್ಲ. ಐದು ಹಾಕಿ ಆರು ಅನ್ನಾಕ ನಾ ಏನು ತರಕಾರಿ ಮಾರಾಂವೇನು?"

"ಬಾಯಿಲೆ ಎಲ್ಲಾರೂ ಬಿಗೀತಾರ," ಕಾಡವ್ವ ಚಪ್ಪಲಿ ಇಳಿಸಿರಲಿಲ್ಲ.

"ಬಾಯಿಲೆ ಅಲ್ಲ. ಸುಣ್ಣ ನೋಡಿರೇನು?"

"ಯಾವ ಸುಣ್ಣ?"

ಸಾತಪ್ಪ ಹೆಬ್ಬೆರಳಿನ ತುದಿಗೆ ಸುಣ್ಣ ಒತ್ತಿಕೊಂಡು ಮುಂದಿದ್ದ ಇಂಜಿನ್ನಿನ ಒಂದು ನಟ್ಟಿನ ಮೇಲೆ ಬೊಟ್ಟಿಟ್ಟ. ಅದನ್ನೇ ಎಳೆದು ಪಕ್ಕದ ಹೆಡ್ಡಿನ ಮೇಲೆ ಗೆರೆ ಮಾಡಿದ. "ಬಿಗದ ಮ್ಯಾಲ ನಾ ಹಿಂಗ ಗುರುತು ಹಾಕತೇನಿ. ನಟ್ಟು ಸಡಲಾತು, ಇಲ್ಲಾ ಯಾರರ ಮುಟ್ಟಿದ್ರು, ಗೆರಿ ಮುರೀತೈತಿ. ಪೇಂಟ್ ಹಚ್ಚಿದ್ರ ಸುಟ್ಟ ಹೋಗತೈತಿ. ಸುಣ್ಣ ಸುಡೂದಿಲ್ರಿ. ಸುಟ್ಟ ಬಂದದ್ದನ್ನ ಏನ ಸುಡತೀರಿ?"

ಆಮ್ರಪಾಲಿ ಫೋನಿನ ಫೋಟೊ ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಅವನು ಚಾಳೀಸು ಹುಡುಕಿ ಮೂಗಿಗೇರಿಸಿಕೊಂಡ. ಒಂದು, ಎರಡು ಎಂದು ತುಟಿ ಅಲ್ಲಾಡಿತು. ಹತ್ತಕ್ಕೆ ನಿಂತಿತು.

"ಹತ್ತು ನನ್ನವು. ಈ ಎರಡು ನನ್ನವಲ್ಲ."

"ಸುಣ್ಣ ಐತೆಲ್ಲ ಅದಕ್ಕೂ?"

"ಐತಿ. ಕೆಂಪಗ ಐತಿ."

"ತುಕ್ಕು ಅದು."

ಸಾತಪ್ಪ ಚಾಳೀಸಿನ ಮೇಲಿಂದ ಅವಳನ್ನು ನೋಡಿದ. "ಇಷ್ಟ ಕಲತೀರಿ, ಸುಣ್ಣಕ್ಕ ತುಕ್ಕು ಹಿಡಿತೈತೇನ್ರಿ? ನೋಡ್ರಿ ಇಲ್ಲಿ. ನಟ್ಟಿನ ಮ್ಯಾಲಿಂದು ಬೆಳ್ಳಗನ ಐತಿ. ನಟ್ಟು ಕೆಂಡ ಆಗತೈತಿ, ಬಣ್ಣ ಅಲ್ಲಿ ಸುಟ್ಟ ಹೋತು. ಹೆಡ್ಡಿನ್ಯಾಗ ನೀರು ಹರೀತೈತಿ, ಅಷ್ಟ ಕಾಯೂದಿಲ್ಲ. ಅಲ್ಲಿ ಉಳದೈತಿ. ಸುಣ್ಣದಾಗ ಏನೋ ಕೂಡೇತಿ."

ಆಮ್ರಪಾಲಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದದ್ದು ಕಾಡವ್ವನಿಗೆ. ಅವಳು ಫೋನನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಇದು ಓಕಳಿ," ಅಂದಳು. "ಸುಣ್ಣಕ್ಕ ಅರಿಷಿಣ ಕೂಡಿದ್ರ ಆಗೂ ಬಣ್ಣ."

"ನನ್ನ ಕೈಯಾಗ ಗ್ರೀಸ್ ಇರತೈತಿ ತಂಗಿ. ಅರಿಷಿಣ ಎಲ್ಲಿಂದ ಬರಬೇಕು?"

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

"ಅಂದ್ರ," ಆಮ್ರಪಾಲಿ ನಿಧಾನವಾಗಿ ಹೇಳಿದಳು, "ನೀವು ಬಿಗದ ಮ್ಯಾಲ ಒಬ್ಬಾಂವ ಎರಡ ನಟ್ಟು ಬಿಚ್ಯಾನ. ಸಂದ್ಯಾಗಿನ ಗ್ಯಾಸ್ಕೆಟ್ ಇಕ್ಕಳದಾಗ ಹಿಡದು ಎಳದಾನ. ನಟ್ಟು ತಿರುಗಿ ಹಾಕಿ, ನಿಮ್ಮ ಗುರುತನ್ನೂ ಹಾಕ್ಯಾನ. ಅರಿಷಿಣ ಹತ್ತಿದ ಕೈಲೆ."

"ತಪ್ಪಿ ಮಾಡಿದಾಂವ ಗುರುತು ಹಾಕೂದಿಲ್ರಿ," ಸಾತಪ್ಪನ ದನಿ ಈಗ ತಗ್ಗಿತ್ತು. ತಗ್ಗಿದ್ದಕ್ಕೇ ಅದರಲ್ಲಿ ಸಿಟ್ಟು ಹೆಚ್ಚಿತ್ತು. "ಬೇಕಂತ ಮಾಡಿದಾಂವ ಹಾಕತಾನ. ಇಲ್ಲಾ, ಕಲತ ಕೈ ಸುಮ್ನ ಕೂಡಲಿಲ್ಲ."

"ಕಲತ ಕೈ? ನಿಮ್ಮ ಗುರುತು ಯಾರಿಗಿ ಗೊತ್ತೈತಿ?"

ಸಾತಪ್ಪ ಕಾಡವ್ವನ ಕಡೆ ಒಮ್ಮೆ ನೋಡಿ, ಚಂಚಿಯ ದಾರ ಸುತ್ತತೊಡಗಿದ. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದ.

"ಹೇಳ್ರಿ!"

"ಅವರನ್ಯಾಕ ಕೇಳತೀರಿ?" ಕಾಡವ್ವ ಚಪ್ಪಲಿಯನ್ನು ನೆಲಕ್ಕೆ ಬಿಟ್ಟು ಕಾಲು ತೂರಿಸಿದಳು. ಮುದುಕನ ಕಡೆ ನೋಡದೆ ಹೇಳಿದಳು, "ಹೆಸರ ಹೇಳಬ್ಯಾಡ ಕಾಕಾ. ನಿನ್ನ ಬಾಯಿ ಯಾಕ ಹೊಲಸಾಗಬೇಕು. ನನ್ನ ತಮ್ಮ ಶಿವಾ ನಾಕು ವರ್ಷ ಇಲ್ಲೇ ಕೆಲಸ ಕಲತಾನ."

ಕಾಡವ್ವನೇ ಮುಂದುವರಿಸಿದಳು. ದನಿಯಲ್ಲಿ ಏರಿಳಿತವಿಲ್ಲ, ರೊಟ್ಟಿ ತಟ್ಟುವ ಕೈಯಂತೆ ಒಂದೇ ಲಯ.

"ಅವ್ರು ಸಾಯೂ ಹಿಂದಿನ ರಾತ್ರಿ ಮೂಡಲಗ್ಯಾಗ ಅವನ ಮನ್ಯಾಗ ಬೀರದೇವರ ಪೂಜಾ ಇತ್ತು. ನಾವಿಬ್ರೂ ಅಲ್ಲೇ ಇದ್ವಿ. ಕಬ್ಬು ಹೇರಿದ ಗಾಡಿ ಅವನ ಅಂಗಡಿ ಮುಂದ ನಿಂತಿತ್ತು. ಅರಿಷಿಣದ ಭಂಡಾರ ಹಾರಸಿದ್ರು, ಎಲ್ಲಾರ ಕೈನೂ ಹಳದಿ. ಎಲಿ ಅಡಕಿ ಸುಣ್ಣದ ತಾಟು ನಾನ ಜೋಡಸಿ ಇಟ್ಟಿದ್ದೆ. ಅವ್ರು ಊಟಕ್ಕ ಕುಂತಾಗ ಶಿವಾ ತಾಟು ತಗೊಂಡು ಹೊರಗ ಹ್ವಾದ. ಮಾಮಾನ ಗಾಡಿಗೂ ಭಂಡಾರ ಹಚ್ಚಿ ಬರತೇನಿ ಅಂದ. ಎಂಥಾ ತಮ್ಮ, ಅಂದುಕೊಂಡೆ ನಾ. ಯಾಕ ಮಾಡಿದ ಅನ್ನೂದು ನನಗ ಇನ್ನೂ ತಿಳೀವಲ್ದು."

"ಕಾಡವ್ವಾ..."

"ತಡೀರಿ. ಮುಂಜಾನಿ ನಿಮಗ ಸುಳ್ಳ ಹೇಳಿದೆ. ಅಷ್ಟ ಅಂದೆ. ಅಷ್ಟ ಅಲ್ಲ. ಅವ್ರ ಫೋನ್ ಬಂದಾಗ ಶಿವಾ ನನ್ನ ಬಾಜೂಕ ಕುಂತಿದ್ದ. ಏನಂತ ಅಕ್ಕಾ, ಅಂದ. ಹೊಗಿ ಬರತೈತೆಂತ, ಅಂದೆ. ಹೊಸಾ ಗ್ಯಾಸ್ಕೆಟ್ಟಿನ ಎಣ್ಣಿ ಸುಡತೈತಿ, ಎಂಟ ಹತ್ತು ದಿನ ಹಂಗ, ಹೊಡಕೊಂಡ ಹೋಗಂತ ಹೇಳು, ಅಂದ." ಅವಳು ತನ್ನ ಎರಡೂ ಅಂಗೈ ಎತ್ತಿ ನೋಡಿಕೊಂಡಳು. "ನಾ ಹೇಳಿದೆ. ಏನೂ ಆಗೂದಿಲ್ರಿ, ಹೊಡಕೊಂಡ ಹೋಗ್ರಿ, ಅಂದೆ. ನನ್ನ ಬಾಯಿಲೆ ಹೇಳಿದೆ."

ಸಾತಪ್ಪ ಎಲೆಯನ್ನು ನೆಲಕ್ಕೆ ಎಸೆದು ಬೆನ್ನು ತಿರುಗಿಸಿ ನಿಂತ.

ಆಗಲೇ ಕಾಡವ್ವನ ಸೆರಗಿನ ಗಂಟಿನಲ್ಲಿ ಫೋನ್ ಬಡಿದುಕೊಂಡಿತು. ಅವಳು ಹೆಸರು ನೋಡಿದಳು. ಆಮ್ರಪಾಲಿ ಬೇಡ ಎಂದು ಕೈ ಎತ್ತುವಷ್ಟರಲ್ಲಿ ಒತ್ತಿಯಾಗಿತ್ತು. ಸ್ಪೀಕರ್ ಹಚ್ಚಿ ಅಂಗೈಯ ಮೇಲೆ ಹಿಡಿದಳು, ಆರತಿ ತಟ್ಟೆ ಹಿಡಿದಂತೆ.

"ಅಕ್ಕಾ, ಊಟ ಆತೇನು?"

"ಆತು."

"ಗಾಡಿ ಕತ್ತರಿಸಿದ್ರೇನು?"

ಆಮ್ರಪಾಲಿ ಜೋರಾಗಿ ತಲೆ ಅಲ್ಲಾಡಿಸಿದಳು. ಕಾಡವ್ವ ಅವಳನ್ನು ನೋಡಲೇ ಇಲ್ಲ. ಹಲ್ಲು ಕಚ್ಚಿದ್ದರಿಂದ ದವಡೆಯ ಎಲುಬು ಎದ್ದು ಕಾಣುತ್ತಿತ್ತು.

"ಹೂಂ ತಮ್ಮಾ. ಕತ್ತರಿಸಿದ್ರು."

"ಇಂಜಿನ್ನೂ?"

"ಇಂಜಿನ್ನೂ."

ಅತ್ತ ಕಡೆಯಿಂದ ಒಂದು ಉಸಿರು ಬಂತು. ಉದ್ದನೆಯದು. ಹದಿನೇಳು ದಿನ ಹಿಡಿದಿಟ್ಟು ಈಗ ಬಿಟ್ಟಂಥದ್ದು. ಮೂವರೂ ಅದನ್ನು ಕೇಳಿದರು.

"ಛಲೋ ಆತು ಬಿಡ ಅಕ್ಕಾ. ಪೀಡಾ ಹೋತು. ಹಂಗಾರ ನಾ ಒಂದೀಟು ಹೋಗಿ ಬರತೇನಿ."

ಹೋಗಿ. ಈ ಸಲ ದೀರ್ಘ ಸ್ಪಷ್ಟವಾಗಿ ಕೇಳಿಸಿತು.

"ಎಲ್ಲಿಗಿ?"

"ಹುಕ್ಕೇರಿಗಿ. ಆ ತುಂಡಿನ್ಯಾಗ ಒಂದು ನನಗ ಬೇಕಾಗೈತಿ, ನಮ್ಮ ಅಂಗಡಿ ಕೆಲಸಕ್ಕ. ಆಗಲೇ ಹಿಡಕಲ್ ದಾಟೇನಿ. ನೀ ಮಕ್ಕೋ."

ಫೋನ್ ಸತ್ತಿತು.

ಹಿಡಕಲ್ ದಾಟಿದರೆ ಹುಕ್ಕೇರಿ ಎಷ್ಟು ಹೊತ್ತು? ಇಪ್ಪತ್ತು ನಿಮಿಷ. ಗೋಕಾಕದಿಂದ ಈ ಸ್ಕೂಟರಿನ ಮೇಲೆ ಒಂದು ತಾಸು. ಬರುವಾಗ ದಾರಿಯಲ್ಲಿ ಎದುರಿಗೇ ಹಾದು ಹೋಗಿರಬೇಕು ಅವನು. ಹೋಗಿ ನೋಡುತ್ತಾನೆ. ಕತ್ತರಿಸಿದ ಇಂಜಿನ್ ಇರುವುದಿಲ್ಲ. ಇಡೀ ಇಂಜಿನ್, ಬಗ್ಗಿಸಿದ ಕ್ಯಾಬಿನ್ನು, ಆರನೆಯ ಕಂಡಿಯ ಮೇಲೆ ಒಣಗಿದ ಸಬಕಾರದ ನೊರೆ. ಅಕ್ಕ ಸುಳ್ಳು ಹೇಳಿದಳು ಎಂಬುದೂ ಆ ಕ್ಷಣವೇ ಅವನಿಗೆ ಗೊತ್ತಾಗುತ್ತದೆ. ಆ ಎರಡು ಕೆಂಪು ಗೆರೆ ಒರೆಸಲು ಒಂದು ಹೆಬ್ಬೆರಳು ಸಾಕು.

"ಯಾಕ ಹಂಗ ಹೇಳಿದಿ? ಯಾಕ?" ಆಮ್ರಪಾಲಿ ಕಿರುಚಿದಳು.

"ಅವನ ಉಸರು ಕೇಳಬೇಕಾಗಿತ್ತು ನನಗ," ಕಾಡವ್ವ ಅಂದಳು. "ಕೇಳಿದೆ."

ಸಾತಪ್ಪ ಆಗಲೇ ರಿಪೇರಿಗೆ ಬಂದಿದ್ದ ಲಾರಿಯ ಬಾಗಿಲು ತೆರೆದು ಹತ್ತುತ್ತಿದ್ದ. "ಹತ್ರಿ! ಮಾಲಕ ಬೈದ್ರ ಬೈತಾನ, ಹತ್ರಿ!"

ಆಮ್ರಪಾಲಿ ಮೆಟ್ಟಿಲಿಗೆ ಕಾಲಿಟ್ಟುಕೊಂಡೇ ಸದಾಶಿವನ ನಂಬರ್ ಒತ್ತಿದಳು. ರಿಂಗಾಯಿತು. ಮತ್ತೆ ಒತ್ತಿದಳು. ರಿಂಗಾಗುತ್ತಲೇ ಇತ್ತು. ಗುಜರಿ ಅಂಗಳದ ಮೂಲೆಯ ತಗಡಿನ ಪೆಟ್ಟಿಗೆಯೊಳಗೆ, ಗ್ಯಾಸಿನ ಸದ್ದಿನ ಕೆಳಗೆ, ಯಾರ ಕಿವಿಗೂ ಬೀಳದೆ.

ಎತ್ತಿದರೂ ಏನು ಹೇಳುವುದು? ಒಂದು ನರಪಿಳ್ಳೆಯನ್ನೂ ಹತ್ತಿರ ಬಿಡಬೇಡ ಅಂದಿದ್ದಳು, ಮನೆಯವರನ್ನು ಬಿಟ್ಟು.

ಶಿವಾನಂದ ಮನೆಯವನು.